ಇಪ್ಪತ್ತೆಂಟನೆಯ ಡೇಟಾಬೇಸ್

“ಮಾದರಿ ಅಂದ್ರೆ ಮಾದರಿ ಅಂತ ಅದರ ಕೆಳಗೆ ಇನ್ನೊಂದು ಸಲ ಬರೀಬೇಕಿತ್ತಾ ನಾನು?” ಎಂದಳು ಅವಳು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾರಿ ಮೇಜಿನ ಕೆಳಗೆ ಉರುಳಿತು. ಯಾರೂ ಎತ್ತಿಕೊಡಲಿಲ್ಲ.

ಗಾಜಿನ ಗೋಡೆಯ ಮೀಟಿಂಗ್ ಕೋಣೆಯಲ್ಲಿ ಮೂವರಿದ್ದರು. ವೆಬ್ ಹೋಸ್ಟಿಂಗ್ ಕಂಪನಿಯ ಮ್ಯಾನೇಜರ್, ಡೇಟಾಬೇಸ್ ಸೃಷ್ಟಿಸುವ ಟೂಲ್ ಕಟ್ಟಿದ ಎಂಜಿನಿಯರ್, ಮತ್ತು ಆ ಟೂಲನ್ನು ಬಳಸುವುದು ಹೇಗೆಂದು ಪುಟ ಬರೆದ ಅವಳು. ಒಂಬತ್ತು ವರ್ಷದಿಂದ ಕಂಪನಿಯ ಕೈಪಿಡಿಗಳನ್ನೆಲ್ಲ ಬರೆಯುತ್ತಿದ್ದವಳು ಅವಳೇ. ಒಂದು ಅಲ್ಪವಿರಾಮ ತಪ್ಪಿದರೂ ಮೂರು ಮಹಡಿ ಹತ್ತಿ ಹೋಗಿ ಸರಿಮಾಡಿಸುತ್ತಿದ್ದುದರಿಂದ ಎಲ್ಲರೂ ಬೆನ್ನ ಹಿಂದೆ ಅವಳನ್ನು ‘ಅಲ್ಪವಿರಾಮ’ ಎನ್ನುತ್ತಿದ್ದರು. ಎಂಜಿನಿಯರ್ ಮಾತ್ರ ಎದುರಿಗೇ ಎನ್ನುತ್ತಿದ್ದ.

“ಅಲ್ಪವಿರಾಮ ಮೇಡಂ, ಸ್ವಲ್ಪ ವಿರಾಮ ತಗೊಳ್ಳಿ,” ಎಂದ ಅವನು. “ಬಿಪಿ ಏರುತ್ತೆ.”

“ಏರಿ ಆಗಿದೆ.”

ಎದುರಿನ ಪರದೆಯ ಮೇಲೆ ಇಪ್ಪತ್ತೇಳು ಸಾಲುಗಳಿದ್ದವು. ಒಬ್ಬ ಹಲ್ಲಿನ ಡಾಕ್ಟರ್, ಒಂದು ಈಜುಕೊಳ, ಹಳೆ ಸೈಕಲ್ ಮಾರುವವರು, ಅವಳಿ ಮಕ್ಕಳ ತಾಯಂದಿರ ಒಂದು ಸಂಘ. ಇಪ್ಪತ್ತೇಳು ಗ್ರಾಹಕರ ಇಪ್ಪತ್ತೇಳು ಡೇಟಾಬೇಸ್‌ಗಳು, ಎಲ್ಲಕ್ಕೂ ಒಂದೇ ಪಾಸ್‌ವರ್ಡ್: ‘ನಾಲ್ಕುತೂತು42!’. ಅದು ಅವಳು ಪುಟದಲ್ಲಿ ಮಾದರಿಗೆಂದು ಕೊಟ್ಟಿದ್ದ ಪಾಸ್‌ವರ್ಡ್.

ಈ ಕೆಲಸ ಶುರುವಾದದ್ದು ಎರಡು ತಿಂಗಳ ಹಿಂದೆ. ಅಲ್ಲಿಯವರೆಗೆ ಗ್ರಾಹಕರು, ಅವಳು ಎಂಟು ವರ್ಷದ ಹಿಂದೆ ಬರೆದ ಸಹಾಯದ ಪುಟ ಓದಿಕೊಂಡು, ತಾವೇ ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ ಡೇಟಾಬೇಸ್ ಮಾಡಿಕೊಳ್ಳುತ್ತಿದ್ದರು. ಇನ್ನು ಮುಂದೆ ‘ನನ್ನ ಕ್ಲಿನಿಕ್ಕಿಗೆ ಒಂದು ಸೈಟ್ ಮಾಡಿಕೊಡು’ ಎಂದು ಚಾಟ್‌ನಲ್ಲಿ ಹೇಳಿದರೆ ಸಾಕು, ಎಐ ಏಜೆಂಟ್ ಕಂಪನಿಯ ಟೂಲನ್ನು ಕರೆದು ಮಿಕ್ಕದ್ದನ್ನು ಮಾಡಿ ಮುಗಿಸುತ್ತದೆ. ಟೂಲನ್ನು ಹೇಗೆ ಕರೆಯಬೇಕೆಂದು ಏಜೆಂಟಿಗೆ ತಿಳಿಸುವುದು ಒಂದು ಪುಟ. ಏಜೆಂಟ್ ಅದನ್ನು ಪ್ರತಿ ಸಲವೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತದೆ. ಅಂಥ ಓದುಗರು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೊದಲ ವಾರ ಅದೊಂದು ಹೆಮ್ಮೆಯೇ ಆಗಿತ್ತು.

ಎಂಜಿನಿಯರ್ ಕೊಟ್ಟ ಮೂಲ ವಿವರಣೆಯಲ್ಲಿ ಎರಡೇ ಪದಗಳಿದ್ದವು: ‘ಡೇಟಾಬೇಸ್ ಸೃಷ್ಟಿಸುತ್ತದೆ.’ ಅವಳು ಹತ್ತೊಂಬತ್ತು ಪ್ರಶ್ನೆ ಕಳಿಸಿದಳು. ಹೆಸರು ಎಷ್ಟು ಅಕ್ಷರದವರೆಗೆ ಇರಬಹುದು? ಅದೇ ಹೆಸರಿನದು ಆಗಲೇ ಇದ್ದರೆ ಏನಾಗುತ್ತದೆ? ಗ್ರಾಹಕರು ಪಾಸ್‌ವರ್ಡ್ ಹೇಳದಿದ್ದರೆ ಟೂಲೇ ಒಂದನ್ನು ಹುಟ್ಟಿಸಿ ಕೊಡಬಹುದಲ್ಲ? ಹದಿನೆಂಟಕ್ಕೆ ಸರಿಯಾದ ಉತ್ತರ ಬಂತು. ಪಾಸ್‌ವರ್ಡಿನದು ಹನ್ನೊಂದನೆಯ ಪ್ರಶ್ನೆ. ಅದರ ಎದುರು ‘ಆಗುತ್ತೆ ಬಿಡಿ, ಮುಂದಿನ ಆವೃತ್ತೀಲಿ’ ಎಂದು ಬರೆದಿದ್ದ.

ಅವಳು ಬರೆದ ಮೊದಲ ಪುಟದಲ್ಲಿ ಮಾದರಿ ಇರಲಿಲ್ಲ. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು ಸಲ ಏಜೆಂಟ್ ತಪ್ಪು ಹೆಸರು ಕೊಟ್ಟಿತು, ನಡುವೆ ಖಾಲಿ ಜಾಗ ಬಿಟ್ಟು ಅಥವಾ ಮಾರುದ್ದ ಬರೆದು. “ಒಂದು ಮಾದರಿ ಹಾಕಿಬಿಡಿ ಮೇಡಂ,” ಎಂದರು ಮ್ಯಾನೇಜರ್. ಅವಳು ಹಳೆಯ ಸಹಾಯದ ಪುಟದಲ್ಲಿದ್ದ ಮಾದರಿಯನ್ನೇ ತಂದು ಹಾಕಿದಳು. ತಪ್ಪು ನೂರಕ್ಕೆ ಎರಡಕ್ಕೆ ಇಳಿಯಿತು. ಮ್ಯಾನೇಜರ್ ಇಡೀ ಕಚೇರಿಗೆ ಕಾಣುವಂತೆ ಅವಳನ್ನು ಹೊಗಳಿ ಮೇಲ್ ಹಾಕಿದರು. ಆಮೇಲೆ ಹತ್ತು ದಿನ, ಒಪ್ಪಿದ ಗ್ರಾಹಕರ ಜೊತೆ ಪ್ರಯೋಗ ನಡೆಯಿತು. ಮುನ್ನೂರ ನಲವತ್ತು ಡೇಟಾಬೇಸ್‌ಗಳಾದವು. ಅವಳಿ ಮಕ್ಕಳ ತಾಯಂದಿರ ಸಂಘದ ಕಾರ್ಯದರ್ಶಿಯ ಗಂಡನೇ ಆ ಹಲ್ಲಿನ ಡಾಕ್ಟರ್. ಗಂಡನ ಸೈಟಿಗೂ ಹೆಂಡತಿಯ ಸೈಟಿಗೂ ಅದೇ ಪಾಸ್‌ವರ್ಡ್ ಬಂದದ್ದು ನೋಡಿ ಡಾಕ್ಟರು ನಿನ್ನೆ ಬೆಳಿಗ್ಗೆ ಫೋನ್ ಮಾಡಿ ಕೇಳಿದ್ದರು: “ನಿಮ್ಮ ಕಂಪನೀಲಿ ಇರೋದು ಒಂದೇ ಪಾಸ್‌ವರ್ಡಾ?”

ಇಪ್ಪತ್ತೇಳು ಪಾಸ್‌ವರ್ಡ್‌ಗಳನ್ನೂ ನಿನ್ನೆಯೇ ಬದಲಾಯಿಸಿ, ಗ್ರಾಹಕರಿಗೆ ತಿಳಿಸಿ ಆಗಿತ್ತು. ಇವತ್ತು ಉಳಿದಿದ್ದದ್ದು ವರದಿ. ಮ್ಯಾನೇಜರ್ ಅದರ ನಮೂನೆಯನ್ನು ಪರದೆಗೆ ತಂದರು. ‘ಕಾರಣ’ ಎಂಬ ಚೌಕ ಖಾಲಿಯಿತ್ತು.

“ಏಜೆಂಟ್‌ಗಳು ಮಾದರಿಯನ್ನ ತಪ್ಪಾಗಿ ತಿಳ್ಕೊಂಡ್ವು ಅಂತ ಹಾಕೋಣ,” ಎಂದರು. “ಏಜೆಂಟ್ ನಮ್ಮದಲ್ಲ, ಬೇರೆಯವರದ್ದು. ಅಲ್ಲಿಗೆ ಮುಗೀತು. ಪುಟದ ತಪ್ಪು ಅಂತಾದ್ರೆ ಮೇಲಿನವರು ಪುಟ ಬರೆದವರು ಯಾರು ಅಂತ ಕೇಳ್ತಾರೆ. ನಿಮ್ಮ ಕಾಂಟ್ರಾಕ್ಟ್ ಈ ತಿಂಗಳ ಕೊನೇಗೆ ನವೀಕರಣಕ್ಕೆ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ನನ್ನ ಒಳ್ಳೇದು ಕೆಟ್ಟದ್ದು ಆಮೇಲೆ. ಅದು ಪುಟದ ತಪ್ಪೇ ಅಲ್ಲ,” ಎಂದಳು ಅವಳು. “ಅಲ್ಲ ಸಾರ್, ಎಂಟು ವರ್ಷದಿಂದ ಇದೇ ಮಾದರಿ ಹಳೇ ಪುಟದಲ್ಲಿದೆ. ಸಾವಿರಾರು ಜನ ಓದಿದಾರೆ. ತಲೆ ಅನ್ನೋದು ಇರೋ ಒಬ್ಬರಾದ್ರೂ ಅದನ್ನ ಹಾಗೇ ಎತ್ತಿ ಹಾಕ್ಕೊಂಡಿದಾರಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿಗೆ ನಾನು ಹೇಗೆ ಬರೀಲಿ?”

“ಒಬ್ಬರೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?” ಎಂದ ಎಂಜಿನಿಯರ್.

“ಗೊತ್ತು.”

“ಆ ಒಂದು ಪಾಸ್‌ವರ್ಡನ್ನ ನಮ್ಮಲ್ಲಿರೋ ಎಲ್ಲಾ ಡೇಟಾಬೇಸ್ ಮೇಲೂ ಹಾಕಿ ನೋಡ್ತೀನಿ. ಒಂದು ಗಂಟೆ ಸಾಕು. ಹೇಗಿದ್ರೂ ಒಂದು ಸಲ ನೋಡ್ಲೇಬೇಕು.”

“ನೋಡಪ್ಪಾ, ಧಾರಾಳವಾಗಿ ನೋಡು. ಮನುಷ್ಯರು ಮಾಡಿದ್ದು ಒಂದೇ ಒಂದು ಸಿಕ್ಕಿದ್ರೆ ನಿನ್ನ ಕಾಲ ಕೆಳಗೆ ನುಸುಳ್ತೀನಿ.”

ಅವನು ನಗುತ್ತಾ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ. ಅವಳು ಬಗ್ಗಿ ಮೇಜಿನ ಕೆಳಗಿಂದ ಪೆನ್ನಿನ ಮುಚ್ಚಳ ಹುಡುಕಿಕೊಂಡು ತನ್ನ ಜಾಗಕ್ಕೆ ಬಂದಳು. ‘ಕಾರಣ’ದ ಚೌಕದಲ್ಲಿ ಬರೆದಳು: ‘ಮಾದರಿಯನ್ನು ಮಾದರಿಯೆಂದು ಗ್ರಹಿಸಲು ಏಜೆಂಟ್‌ಗಳು ವಿಫಲವಾದವು. ಮಾನವ ಬಳಕೆದಾರರಲ್ಲಿ ಈ ದೋಷ ಎಂಟು ವರ್ಷಗಳಲ್ಲಿ ಒಮ್ಮೆಯೂ ಕಂಡುಬಂದಿಲ್ಲ.’ ಎರಡನೆಯ ವಾಕ್ಯವನ್ನು ಮತ್ತೆ ಓದಿದಳು. ಇನ್ನೂ ಖಚಿತವಾಗಿಲ್ಲದ್ದನ್ನು ಬರೆಯುವ ಅಭ್ಯಾಸ ಅವಳಿಗಿರಲಿಲ್ಲ. ಅದಕ್ಕೆ ಹಳದಿ ಬಣ್ಣ ಬಳಿದು, ಒಂದು ಗಂಟೆಗೆ ಕಾದಳು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಅಕ್ಕನದು ಗುಂಡಿಯಂಗಡಿ: ಅಂಗಿಯ ಗುಂಡಿ, ಕೋಟಿನ ಗುಂಡಿ, ಸ್ವೆಟರಿನ ಗುಂಡಿ. ಕಳೆದುಹೋದ ಗುಂಡಿಗೆ ಜೊತೆ ಹುಡುಕಿಕೊಡುವುದು ಆ ಅಂಗಡಿಯ ವಿಶೇಷ. ಗ್ರಾಹಕರು ಉಳಿದ ಗುಂಡಿಯ ಫೋಟೋವನ್ನು ಸೈಟಿಗೆ ಕಳಿಸುತ್ತಾರೆ; ಅಕ್ಕ ಹುಡುಕಿ ಟಪಾಲಿನಲ್ಲಿ ಕಳಿಸುತ್ತಾಳೆ. ಆರು ವರ್ಷದಲ್ಲಿ ಅಕ್ಕ ಒಂಬತ್ತು ಸಾವಿರ ಗುಂಡಿಗಳನ್ನು ಒಂದೊಂದಾಗಿ ಅಳೆದು, ಫೋಟೋ ತೆಗೆದು, ಬಣ್ಣ, ತೂತು, ಅಂಚು ಎಲ್ಲ ಬರೆದು ಸೈಟಿಗೆ ಸೇರಿಸಿದ್ದಳು.

“ಏನೇ, ಪುರುಸೊತ್ತಾಗಿದೀಯಾ?”

“ಇಲ್ಲ.”

“ಸರಿ, ಕೇಳು. ಅಳತೆ ಗೊತ್ತಾಗ್ಲಿ, ಗುಂಡಿ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೀರಿ ಅಂತ ನೀನೇ ತಾನೆ ಬರ್ಕೊಟ್ಟಿದ್ದು? ಇವತ್ತೊಬ್ಬರು ನಾಣ್ಯದ ಫೋಟೋ ಕಳಿಸಿದಾರೆ.”

“ಗುಂಡಿ ಎಲ್ಲಿ?”

“ಅದನ್ನೇ ನಾನೂ ಕೇಳಿದೆ. ‘ಗುಂಡಿ ಕಳೆದುಹೋಗಿದೆ, ಅದಕ್ಕೇ ತಾನೆ ನಿಮಗೆ ಬರೆದಿದ್ದು’ ಅಂತಾರೆ!”

ಅವಳಿಗೆ ನಗು ಬರಲಿಲ್ಲ. “ಅಕ್ಕಾ, ನನಗೆ ಇಲ್ಲಿ ಆಗಲೇ ಇಪ್ಪತ್ತೇಳು ಇದೆ. ಆಮೇಲೆ ಮಾಡ್ತೀನಿ,” ಎಂದು ಇಟ್ಟಳು.

ಎಂಜಿನಿಯರ್ ನಲವತ್ತೇ ನಿಮಿಷದಲ್ಲಿ ಬಂದ. ಮ್ಯಾನೇಜರನ್ನೂ ಕರೆದುಕೊಂಡು ಬಂದಿದ್ದ. ನಿಂತೇ ಹೇಳಿದ:

“ಇಪ್ಪತ್ತೇಳಲ್ಲ, ಇಪ್ಪತ್ತೆಂಟು.”

“ನಿನ್ನೆ ಒಂದು ಬಿಟ್ಟುಹೋಗಿತ್ತಾ?” ಎಂದಳು.

“ಇದು ಪ್ರಯೋಗದ್ದಲ್ಲ. ಆರು ವರ್ಷದ ಹಿಂದಿನದು. ಆಗ ಏಜೆಂಟೂ ಇಲ್ಲ ಏನೂ ಇಲ್ಲ. ಯಾರೋ ಕೈಯಾರೆ ಮಾಡಿದಾರೆ.” ಲ್ಯಾಪ್‌ಟಾಪನ್ನು ಅವಳ ಮೇಜಿನ ಮೇಲಿಟ್ಟು ತಿರುಗಿಸಿದ. “ಇನ್ನೂ ಮಜಾ ನೋಡಿ. ಡೇಟಾಬೇಸಿನ ಹೆಸರೂ ಪುಟದಲ್ಲಿರೋದೇ. ‘ಗುಂಡಿಪೆಟ್ಟಿಗೆ’. ಹೆಸರೂ ಅದೇ, ಪಾಸ್‌ವರ್ಡೂ ಅದೇ. ಪಾಪ, ಏಜೆಂಟ್‌ಗಳು ಹೆಸರನ್ನಾದ್ರೂ ಬದಲಾಯಿಸಿದ್ವು!”

“ಯಾರಪ್ಪ ಈ ಮಹಾನುಭಾವ?” ಎಂದರು ಮ್ಯಾನೇಜರ್.

“ಖಾತೆ ನಂಬರ್ ಮಾತ್ರ ಇದೆ. ಹೆಸರು ಬೇಕಂದ್ರೆ ಗ್ರಾಹಕರ ವಿಭಾಗಕ್ಕೆ ಅರ್ಜಿ ಹಾಕ್ಬೇಕು.”

ಅವಳು ಪರದೆ ನೋಡುತ್ತಿದ್ದಳು. ಖಾತೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಅವಳಿಗೆ ಬಾಯಿಪಾಠವಿತ್ತು. ಕಂಪನಿಯ ನೌಕರರ ಕುಟುಂಬಕ್ಕೆಂದು ಕೊಡುವ ಖಾತೆ ಅದು; ಅರ್ಜಿಗೆ ಸಹಿ ಹಾಕಿದ್ದವಳು ಅವಳೇ. ಅದೊಂದು ಭಾನುವಾರ, ಅಂಗಡಿಯ ಹಿಂದಿನ ಕೋಣೆ. ಅಕ್ಕ ಎರಡು ನಿಮಿಷಕ್ಕೊಮ್ಮೆ ಬಂದು “ಆಯ್ತಾ?” ಎಂದು ಕೇಳುತ್ತಿದ್ದಳು. ಯಾವ ಚೌಕದಲ್ಲಿ ಏನು ಹಾಕಬೇಕೆಂದು ಮರೆತುಹೋಗಿ ಅವಳು ತಾನು ಬರೆದ ಪುಟವನ್ನೇ ತೆರೆದಿದ್ದಳು. ಅಲ್ಲಿ ಹೆಸರಿತ್ತು, ಅಲ್ಲೇ ಪಾಸ್‌ವರ್ಡ್ ಇತ್ತು. ಮಾದರಿ ಬರೆಯುವಾಗಲೂ ಅವಳು ಅಕ್ಕನ ಅಂಗಡಿಯನ್ನೇ ನೆನೆಸಿಕೊಂಡು ಬರೆದಿದ್ದುದರಿಂದ ಎರಡೂ ಅಳತೆ ಕೊಟ್ಟು ಹೊಲಿಸಿದಂತೆ ಹೊಂದಿದವು. ನಕಲು ಮಾಡಿ ಅಂಟಿಸಿದ್ದಳು. ‘ಆಮೇಲೆ ಬದಲಾಯಿಸೋಣ’ ಎಂದುಕೊಂಡಿದ್ದಳು.

ಆ ಪುಟ ಎಂಟು ವರ್ಷದಿಂದ ಯಾರು ಬೇಕಾದರೂ ಓದುವಂತೆ ತೆರೆದೇ ಇತ್ತು.

“ಬಿಡಿ,” ಎಂದರು ಮ್ಯಾನೇಜರ್. “ಅದು ಪ್ರಯೋಗಕ್ಕೆ ಸೇರಿಲ್ಲ, ನಮ್ಮ ವರದಿಗೆ ಸಂಬಂಧಾನೂ ಇಲ್ಲ. ಇಪ್ಪತ್ತೇಳು ಅಂತಲೇ ಇರ್ಲಿ. ಆ ಗ್ರಾಹಕರಿಗೆ ‘ಪಾಸ್‌ವರ್ಡ್ ಬದಲಾಯಿಸಿ’ ಅಂತ ಒಂದು ಸಾಮಾನ್ಯ ಮೇಲ್ ಹೋದ್ರೆ ಸಾಕು. ನೀವು ಬರೆದಿದ್ದು ತೋರ್ಸಿ… ಹಾಂ, ಚೆನ್ನಾಗಿದೆಯಲ್ಲ. ಆ ಹಳದಿ ವಾಕ್ಯ ಒಂದು ತೆಗೆದುಬಿಡಿ, ಸಾಕು.”

ಹಳದಿ ವಾಕ್ಯ ತೆಗೆದರೆ ಮೊದಲನೆಯದು ಉಳಿಯುತ್ತಿತ್ತು: ಏಜೆಂಟ್‌ಗಳು ವಿಫಲವಾದವು. ವರದಿ ಮೇಲೆ ಹೋಗುತ್ತಿತ್ತು. ಪುಟಕ್ಕೆ ಏನೂ ಆಗುತ್ತಿರಲಿಲ್ಲ. ಸೋಮವಾರ ಎಲ್ಲ ಗ್ರಾಹಕರಿಗೂ ಟೂಲ್ ತೆರೆದಾಗ ಅದೇ ಪುಟ, ಅದೇ ಮಾದರಿ. ಅಕ್ಕನ ಪಾಸ್‌ವರ್ಡನ್ನು ಅವಳು ಸಂಜೆಯೊಳಗೆ ತಾನೇ ಬದಲಾಯಿಸಿಬಿಡಬಹುದಿತ್ತು. ಯಾರೂ ಗ್ರಾಹಕರ ವಿಭಾಗಕ್ಕೆ ಅರ್ಜಿ ಹಾಕುತ್ತಿರಲಿಲ್ಲ.

“ಅದು ನಮ್ಮಕ್ಕಂದು,” ಎಂದಳು.

“ಯಾವುದು?”

“ಇಪ್ಪತ್ತೆಂಟನೇದು. ಅಕ್ಕನಿಗೆ ಇದರಲ್ಲಿ ಏನೂ ಗೊತ್ತಿಲ್ಲ. ಮಾಡ್ಕೊಟ್ಟಿದ್ದು ನಾನು.”

ಎಂಜಿನಿಯರ್ ನಗಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿಕೊಂಡ. ಪಕ್ಕದ ಸಾಲಿನಲ್ಲಿ ಯಾರೋ ಟೈಪ್ ಮಾಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

“ಈಗ ಇದನ್ನ ವರದೀಲಿ ಹಾಕ್ಲೇಬೇಕಾ ಮೇಡಂ?” ಮ್ಯಾನೇಜರ್ ದನಿ ತಗ್ಗಿಸಿದರು. “ನಾವು ಮೂರೇ ಜನ ಇದೀವಿ.”

“ಸಾರ್, ಪುಟದಲ್ಲಿ ನಾನು ಏನು ಬರೆದಿದೀನಿ ಕೇಳಿ. ‘ಪಾಸ್‌ವರ್ಡ್ ಖಾಲಿ ಬಿಡಬಾರದು.’ ಸರಿ. ಎಲ್ಲಿಂದ ತರ್ಬೇಕು? ಎಲ್ಲೂ ಹೇಳಿಲ್ಲ. ಅದರ ಕೆಳಗೇ ಒಂದು ಪಾಸ್‌ವರ್ಡ್ ಇಟ್ಟಿದೀನಿ. ಗ್ರಾಹಕರು ಹೇಳಿದ ಕಡೆ ಏಜೆಂಟ್ ಅವರದ್ದನ್ನೇ ಹಾಕಿದೆ. ಹೇಳದೇ ಇದ್ದ ಕಡೆ ಎದುರಿಗಿದ್ದದ್ದನ್ನ ಹಾಕಿದೆ. ನಾನೂ ಅವತ್ತು ಅದನ್ನೇ ಮಾಡಿದ್ದು. ಬರೆದೋಳಿಗೇ ಗೊತ್ತಾಗ್ಲಿಲ್ಲ, ಅದಕ್ಕೆ ಹೇಗೆ ಗೊತ್ತಾಗುತ್ತೆ?”

“ಪುಟದ ತಪ್ಪು ಅಂತ ಆದ್ರೆ ನಿಮ್ಮ ಹೆಸರು ಹೋಗುತ್ತೆ. ನಾನು ಮೊದಲೇ ಹೇಳಿದೀನಿ.”

“ಹೋಗ್ಲಿ.”

“ಮತ್ತೆ ನವೀಕರಣ…”

“ಸಾರ್, ಬರೆಯೋಕೆ ಬಿಡ್ತೀರಾ?” ದನಿ ಅವಳೆಣಿಸಿದ್ದಕ್ಕಿಂತ ಜೋರಾಯಿತು. ಪಕ್ಕದ ಸಾಲಿನ ಟೈಪಿಂಗ್ ನಿಂತಿತು.

ಅವಳು ಚೌಕದಲ್ಲಿದ್ದುದನ್ನೆಲ್ಲ ಅಳಿಸಿದಳು. ನಿಧಾನವಾಗಿ ಬರೆದಳು: ‘ಪಾಸ್‌ವರ್ಡ್ ಖಾಲಿ ಬಿಡಬಾರದು ಎಂದು ಪುಟ ಹೇಳುತ್ತದೆ. ಅದನ್ನು ಎಲ್ಲಿಂದ ತರಬೇಕೆಂದು ಹೇಳುವುದಿಲ್ಲ. ಪುಟದಲ್ಲಿ ಇರುವುದು ಒಂದೇ ಪಾಸ್‌ವರ್ಡ್. ಓದಿದವರು ಅದನ್ನು ಬಳಸಿದರು. ಒಟ್ಟು ಇಪ್ಪತ್ತೆಂಟು. ಇಪ್ಪತ್ತೇಳನ್ನು ಮಾಡಿದ್ದು ಏಜೆಂಟ್‌ಗಳು, ಒಂದನ್ನು ಪುಟ ಬರೆದವರು.’

ಎಂಜಿನಿಯರ್ ಅವಳ ಭುಜದ ಹಿಂದೆ ನಿಂತು ಓದುತ್ತಿದ್ದ. “ಹನ್ನೊಂದನೇ ಪ್ರಶ್ನೇನೂ ಹಾಕಿ,” ಎಂದ. “ನೀವು ಕೇಳಿದ್ರಿ. ಆಗುತ್ತೆ ಬಿಡಿ ಅಂದಿದ್ದು ನಾನು.”

“ಹಾಕ್ತೀನಿ. ಬಿಡ್ತೀನಿ ಅಂದ್ಕೊಂಡ್ಯಾ?”

ಹಾಕಿದಳು. ತಾರೀಕಿನ ಸಮೇತ.

ಹಳೆಯ ಸಹಾಯದ ಪುಟದಿಂದ ಮಾದರಿಯ ಪಾಸ್‌ವರ್ಡನ್ನು ಆಗಲೇ ಅಳಿಸಿದಳು. ಏಜೆಂಟ್‌ಗಳ ಪುಟದಲ್ಲಿ ಹೆಸರಿನ ಮಾದರಿ ಉಳಿಸಿ, ಪಾಸ್‌ವರ್ಡಿನ ಜಾಗದಲ್ಲಿ ‘ಗ್ರಾಹಕರನ್ನು ಕೇಳಿ, ಅವರು ಉತ್ತರಿಸುವವರೆಗೆ ಈ ಟೂಲನ್ನು ಕರೆಯಬೇಡಿ’ ಎಂದು ಬರೆದಳು. ಇದನ್ನು ಯಾರಾದರೂ ಇನ್ನು ಹೇಗೆಲ್ಲ ತಪ್ಪಾಗಿ ಓದಬಹುದೆಂದು ಹತ್ತು ನಿಮಿಷ ಯೋಚಿಸಿದಳು. ಮೂರು ದಾರಿ ಹೊಳೆದವು. ಮೂರನ್ನೂ ಮುಚ್ಚಿ, ಚೀಲ ತೆಗೆದುಕೊಂಡು ಹೊರಟಳು. ಮಧ್ಯಾಹ್ನ ಮೂರು ಗಂಟೆಯಾಗಿತ್ತು.

ಅಂಗಡಿ ಎರಡು ಬಸ್ಸಿನಾಚೆಗೆ, ಬೀಗದ ಕೈ ಮಾಡುವವರಿಗೂ ಚಪ್ಪಲಿ ರಿಪೇರಿಯವರಿಗೂ ನಡುವೆ. ಒಳಗೆ ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳ ಗೋಡೆ. ಒಳಗೆ ಯಾವ ಗುಂಡಿಯಿದೆಯೆಂದು ತಿಳಿಯಲು ಪ್ರತಿ ಪೆಟ್ಟಿಗೆಯ ಮುಖಕ್ಕೂ ಅದೇ ಜಾತಿಯ ಒಂದು ಗುಂಡಿಯನ್ನು ದಾರದಲ್ಲಿ ಹೊಲಿದಿತ್ತು. ಹೊರಗಿನ ಗುಂಡಿಯನ್ನು ಎಂದೂ ಮಾರುವುದಿಲ್ಲ ಎಂಬುದು ಅಮ್ಮನ ಕಾಲದಿಂದ ಅಂಗಡಿಯ ನಿಯಮ.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. “ಏನೇ ಇದು, ಹಾಡುಹಗಲೇ! ಕೆಲಸದಿಂದ ತೆಗೆದ್ರಾ?”

“ಇನ್ನೂ ಇಲ್ಲ. ಕಂಪ್ಯೂಟರ್ ತೆಗಿ.”

ಅವಳು ನಿಂತೇ ಎಲ್ಲ ಹೇಳಿದಳು. ಅಕ್ಕ ತಂಗಿಯ ಮಾತಿಗೆ ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಮುಗಿದ ಮೇಲೆ ಹೇಳಿದಳು:

“ಅಂದ್ರೆ ಆರು ವರ್ಷದಿಂದ ಅಂಗಡಿಗೆ ಬೀಗ ಹಾಕಿ, ಕೀಲಿಕೈನ ಬೀದೀಲಿ ತೂಗುಹಾಕಿದೀಯಾ?”

“ಹೂಂ.”

“ಹಾಲಿನ ಪಾತ್ರೆ ಮುಚ್ಚೋದು ಹೇಗೆ ಅಂತ ನನಗೆ ಚೀಟಿ ಬರ್ದು ಅಂಟಿಸಿದೋಳು ನೀನು. ಹೇಳೋದು ಶಾಸ್ತ್ರ, ಹಾಕೋದು ಗಾಳ.”

“ಆಯ್ತಕ್ಕಾ, ಬೈಯಿ. ಆದರೆ ಒಳಗೆ ಯಾರೂ ಬಂದಿಲ್ಲ. ಎಂಜಿನಿಯರ್ ಪೂರ್ತಿ ನೋಡಿದಾನೆ. ಏನೂ ಹೋಗಿಲ್ಲ.”

“ಯಾರೂ?”

“ಒಬ್ಬರೂ ಬಂದಿಲ್ಲ.”

ಅಕ್ಕ ಗೋಡೆಯ ಕಡೆ ನೋಡಿದಳು. “ಒಂಬತ್ತು ಸಾವಿರ ಗುಂಡಿ,” ಎಂದಳು, ಸ್ವಲ್ಪ ನೊಂದವಳಂತೆ. “ಒಬ್ಬ ಕಳ್ಳನಿಗೂ ಬೇಡವಾಯ್ತಾ?”

ಅವಳು ಪಾಸ್‌ವರ್ಡ್ ಬದಲಾಯಿಸುವ ಪುಟ ತೆರೆದುಕೊಟ್ಟಳು. ಇಲ್ಲಿ ಬದಲಾಯಿಸಿದರೆ ಸೈಟಿಗೂ ತಾನೇ ಹೋಗುತ್ತದೆ, ಬೇರೇನೂ ಮಾಡಬೇಕಿಲ್ಲ ಎಂದು ವಿವರಿಸಿದಳು.

“ಏನಂತ ಹಾಕ್ಲಿ?”

“ನಿನಗೆ ತೋಚಿದ್ದು.”

“ಒಂದು ಉದಾಹರಣೆ ಹೇಳೇ.”

“ಹೇಳಲ್ಲ!”

“ಅಯ್ಯೋ, ಅದಕ್ಯಾಕೆ ಹಾಗೆ ಕಿರಚ್ತೀಯಾ? ಸರಿ, ಆ ಕಡೆ ತಿರುಗ್ಕೋ. ನೋಡ್ಬೇಡ.”

ಅವಳು ಗೋಡೆಯ ಕಡೆ ತಿರುಗಿ ನಿಂತಳು. ಹಿಂದೆ ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಚೀಲದಲ್ಲಿ ಫೋನ್ ಮಿಡಿಯಿತು. ಮ್ಯಾನೇಜರ್ ಬರೆದಿದ್ದರು: ‘ವರದಿ ನೀವು ಬರೆದ ಹಾಗೇ ಕಳಿಸಿದ್ದೇನೆ. ಪುಟವನ್ನು ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಮೇಲಿನವರು ಹೇಳಿದ್ದಾರೆ. ನವೀಕರಣದ ವಿಷಯ ಆಮೇಲೆ ಮಾತಾಡೋಣ.’ ‘ಆಮೇಲೆ’ ಎಂಬ ಪದವನ್ನು ಅವಳು ಎರಡು ಸಲ ಓದಿದಳು. ಫೋನನ್ನು ಚೀಲಕ್ಕೆ ಹಾಕಿದಳು.

ಕಣ್ಣಿನ ನೇರಕ್ಕೆ ಕೋಟಿನ ಗುಂಡಿಗಳ ಸಾಲು. ಕಂದು, ಕಪ್ಪು, ಬೂದು, ಮತ್ತೆ ಕಂದು. ಐದನೆಯ ಪೆಟ್ಟಿಗೆಯ ಮುಖದಲ್ಲಿ ಗುಂಡಿ ಇರಲಿಲ್ಲ.

“ಅಕ್ಕಾ, ಇದರದ್ದು ಎಲ್ಲಿ?”

“ಯಾವುದು? ಓ, ಅದಾ.” ಒತ್ತುವ ಸದ್ದು ನಿಂತಿತು, ಮತ್ತೆ ಶುರುವಾಯಿತು. “ಹೋದ ವಾರ ಒಬ್ಬಳು ಬಂದಿದ್ಲು. ಪೆಟ್ಟಿಗೆ ಖಾಲಿ. ಖಾಲಿಯಮ್ಮಾ ಅಂದೆ. ಇಲ್ಲೇ ಇದೆಯಲ್ಲ, ಇದನ್ನೇ ಕೊಡಿ ಅಂದ್ಲು. ಅದು ತೋರ್ಸೋಕೆ ಇಟ್ಟಿರೋದು, ಕೊಡೋಕಲ್ಲ ಅಂತ ಹತ್ತು ಸಲ ಹೇಳಿದೆ. ನಿಂತೇ ಇದ್ಲು.”

“ಕೊಟ್ಯಾ?”

“ಏನು ಮಾಡ್ಲಿ? ಕತ್ತರಿಸಿ ಕೊಟ್ಟೆ.”

ರಟ್ಟಿನಲ್ಲಿ ಸೂಜಿ ಹೋದ ನಾಲ್ಕು ತೂತು ಹಾಗೇ ಇದ್ದವು. ಒಂದರಿಂದ ಬೆರಳುದ್ದದ ದಾರ ಇಳಿಬಿದ್ದಿತ್ತು. ಫ್ಯಾನಿನ ಗಾಳಿ ಬಂದಾಗ ಅದು ಅತ್ತ ವಾಲುತ್ತಿತ್ತು, ಗಾಳಿ ಸರಿದಾಗ ಇತ್ತ.

“ಆಯ್ತು,” ಎಂದಳು ಅಕ್ಕ ಹಿಂದಿನಿಂದ. “ತಿರುಗು ಇನ್ನು.”

ಅವಳು ಇನ್ನೂ ತಿರುಗಿರಲಿಲ್ಲ.